ದೈಹಿಕ ಚಟುವಟಿಕೆ ಅಳೆಯುವ ಮೊಬೈಲ್ ಪ್ರಶ್ನಾವಳಿ: ಕರಾವಳಿಯಲ್ಲಿ ಸರ್ವೆಗೆ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಮಂಗಳೂರು, ದೇರಳಕಟ್ಟೆ, ಮಣಿಪಾಲದ ಕಾಲೇಜುಗಳಲ್ಲಿ ಆರೋಗ್ಯ ಸಂಶೋಧನೆ ಮಾಡುವವರು ಯಾವ ವಿಷಯವನ್ನೇ ಆರಿಸಲಿ, ಸಕ್ಕರೆ ಕಾಯಿಲೆ ಇರಲಿ, ಬಿಪಿ ಇರಲಿ, ಮಂಡಿನೋವು ಇರಲಿ, ಫಾರಂನಲ್ಲಿ ‘ದೈಹಿಕ ಚಟುವಟಿಕೆ’ ಅಂತ ಒಂದು ಭಾಗ ಸೇರಿಕೊಳ್ಳುತ್ತದೆ. ಬಿಪಿಗೆ ಮಿಷನ್ ಇದೆ, ಸಕ್ಕರೆಗೆ ಸ್ಟ್ರಿಪ್ ಇದೆ. ಒಬ್ಬರು ವಾರದಲ್ಲಿ ಎಷ್ಟು ಮೈ ಬಗ್ಗಿಸಿದರು ಎಂದು ತಿಳಿಯಲು ಮಾತ್ರ ಹೆಚ್ಚಿನವರ ಕೈಯಲ್ಲಿರುವುದು ಪ್ರಶ್ನೆಗಳಷ್ಟೇ.

ಆ ಪ್ರಶ್ನೆಗಳು ಈಗ ಮೊಬೈಲಿಗೆ ಬಂದಿವೆ. ಕಾಗದ ಉಳಿಯುತ್ತದೆ, ಎಂಟ್ರಿ ಮಾಡುವ ಗೋಳು ತಪ್ಪುತ್ತದೆ. ಅದು ಸಣ್ಣ ಲಾಭ. ಉತ್ತರ ಹೇಳಿದವರು ಎದುರಿಗೆ ಕೂತಿರುವಾಗಲೇ ‘ಇದು ಸರಿಯಾ?’ ಎಂದು ಫಾರಂ ತಿರುಗಿ ಕೇಳಬಲ್ಲದು ಎಂಬುದೇ ದೊಡ್ಡ ಲಾಭ. ತಿರುಗಿ ಕೇಳದ ಫಾರಂ ಮೊಬೈಲಿನಲ್ಲಿದ್ದರೂ ಕಾಗದವೇ. ಹಾಗಾಗಿ ಯಾವ ಆ್ಯಪ್ ಚೆನ್ನ ಎಂಬ ಚರ್ಚೆಗಿಂತ ಏನು ಕೇಳಬೇಕು, ಎಲ್ಲಿ ತಡೆಯಬೇಕು ಎಂಬುದಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹಂತ 1: ಪ್ರಶ್ನಾವಳಿ ಆರಿಸಿ, ಹೊಸದು ಬರೆಯಬೇಡಿ

ಸ್ವಂತ ಪ್ರಶ್ನೆ ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ಬಿಟ್ಟುಬಿಡಿ. ನಿಮ್ಮ ಅಂಕಿಯನ್ನು ಬೇರೆಯವರ ಅಂಕಿಯ ಪಕ್ಕ ಇಡಲು ಬರುವುದಿಲ್ಲ. ಜಗತ್ತಿನಲ್ಲಿ ಹೆಚ್ಚು ಓಡಾಡುತ್ತಿರುವುದು ಎರಡು. ಒಂದು, ವಿಶ್ವ ಆರೋಗ್ಯ ಸಂಸ್ಥೆಯ ಗ್ಲೋಬಲ್ ಫಿಸಿಕಲ್ ಆಕ್ಟಿವಿಟಿ ಕ್ವೆಶ್ಚನೇರ್. ಬಾಯಲ್ಲಿ ಅದು ‘ಜಿಪ್ಯಾಕ್’. 16 ಪ್ರಶ್ನೆ. ಕೆಲಸ, ಓಡಾಟ, ಬಿಡುವಿನ ಹೊತ್ತು ಎಂದು ಮೂರು ಭಾಗ, ಕೊನೆಗೆ ಕೂರುವ ಹೊತ್ತಿನ ಬಗ್ಗೆ ಒಂದು ಪ್ರಶ್ನೆ. ನಿಮ್ಮ ಮಾಮೂಲಿ ವಾರ ಹೇಗಿರುತ್ತದೆ ಎಂದು ಅದು ಕೇಳುತ್ತದೆ. ಇನ್ನೊಂದು ಇಂಟರ್‌ನ್ಯಾಷನಲ್ ಫಿಸಿಕಲ್ ಆಕ್ಟಿವಿಟಿ ಕ್ವೆಶ್ಚನೇರ್, ಅಂದರೆ ‘ಐಪ್ಯಾಕ್’. ಚಿಕ್ಕದರಲ್ಲಿ 7 ಪ್ರಶ್ನೆ, ದೊಡ್ಡದರಲ್ಲಿ 27. ಇದು ಕೇಳುವುದು ಕಳೆದ 7 ದಿನಗಳ ಲೆಕ್ಕ.

ಎರಡೂ ಕೊನೆಗೆ ಮೆಟ್-ನಿಮಿಷ ಎಂಬ ಅಳತೆಗೆ ಬರುತ್ತವೆ. ಸುಮ್ನೆ ಕೂತಾಗ ಖರ್ಚಾಗುವ ಶಕ್ತಿ 1 ಮೆಟ್. ಮಧ್ಯಮ ಶ್ರಮಕ್ಕೆ 4, ಭಾರೀ ಶ್ರಮಕ್ಕೆ 8. ವಾರದ ನಿಮಿಷಗಳನ್ನು ಅದರಿಂದ ಗುಣಿಸಿದರೆ ಮೆಟ್-ನಿಮಿಷ. ವಯಸ್ಕರಿಗೆ ವಾರಕ್ಕೆ 150 ನಿಮಿಷ ಮಧ್ಯಮ ಶ್ರಮ ಬೇಕು ಎನ್ನುತ್ತಾರಲ್ಲ, ಅದನ್ನು 4ರಿಂದ ಗುಣಿಸಿದರೆ 600. ಜಿಪ್ಯಾಕ್ ಲೆಕ್ಕದಲ್ಲಿ ‘ಸಾಕಷ್ಟು’ ಮತ್ತು ‘ಸಾಲದು’ ನಡುವಿನ ಗೆರೆ ಇದೇ.

ಈಗ ಹಂಪನಕಟ್ಟೆಯ ಒಬ್ಬ ಬ್ಯಾಂಕ್ ನೌಕರರನ್ನು ಊಹಿಸಿಕೊಳ್ಳಿ. ವಾರಕ್ಕೆ 4 ಸಂಜೆ ಕದ್ರಿ ಪಾರ್ಕಿನಲ್ಲಿ 40 ನಿಮಿಷ ಬಿರುಸಾಗಿ ನಡೆಯುತ್ತಾರೆ. ಬೇರೇನೂ ಇಲ್ಲ. ಜಿಪ್ಯಾಕ್ ಪ್ರಕಾರ 160 ನಿಮಿಷ ಗುಣಿಸು 4, ಅಂದರೆ 640. ಪಾಸ್. ಐಪ್ಯಾಕ್‌ನಲ್ಲಿ ನಡಿಗೆಗೆ 3.3 ಮೆಟ್ ಮಾತ್ರ. 528 ಬರುತ್ತದೆ. ಮೇಲಾಗಿ ‘ಮಧ್ಯಮ’ ಗುಂಪಿಗೆ ಸೇರಲು ಅಲ್ಲಿ 5 ದಿನದ ನಡಿಗೆ ಬೇಕು. ಅದೇ ಮನುಷ್ಯ, ಅದೇ ಪಾರ್ಕು, ಆದರೆ ಫೇಲ್. ಒಂದು ಪ್ರಶ್ನಾವಳಿಯಲ್ಲಿ ಕೇಳಿ ಇನ್ನೊಂದರ ಗೆರೆಯಲ್ಲಿ ಅಳೆದ ಥೀಸಿಸ್‌ಗಳು ಕಡಿಮೆಯಿಲ್ಲ. ಯಾವುದರಲ್ಲಿ ಕೇಳುತ್ತೀರೋ ಅದರ ಲೆಕ್ಕದ ಪುಸ್ತಿಕೆಯನ್ನೇ ಕೊನೆಯವರೆಗೂ ಹಿಡಿದುಕೊಳ್ಳಿ.

ಮನೆಮನೆಗೆ ಹೋಗಿ ಕೇಳುವ ಸರ್ವೆಗೆ ನನ್ನ ಆಯ್ಕೆ ಜಿಪ್ಯಾಕ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಕ್ಕರೆ ಕಾಯಿಲೆಯ ಬಗ್ಗೆ ನಡೆಸಿದ ಐಸಿಎಂಆರ್-ಇಂಡಿಯಾಬ್ ಅಧ್ಯಯನವೂ ಇದನ್ನೇ ಬಳಸಿತ್ತು. 2014ರಲ್ಲಿ ಪ್ರಕಟವಾದ ಅದರ ಮೊದಲ ಹಂತದಲ್ಲಿ ಶೇ. 54.4ರಷ್ಟು ಜನ ಚಟುವಟಿಕೆ ಸಾಲದವರು ಎಂದು ಬಂತು. ಬಿಡುವಿನ ಹೊತ್ತಿನಲ್ಲಿ ಆಟ, ವ್ಯಾಯಾಮ ಅಂತ ಮಾಡುವವರು ಶೇ. 10ಕ್ಕಿಂತ ಕಡಿಮೆ. ನಮ್ಮ ಜನರ ಮೈ ಓಡುವುದು ಕೆಲಸದಲ್ಲಿ ಮತ್ತು ಓಡಾಟದಲ್ಲಿ. ಆ ಎರಡನ್ನು ಬಿಡಿಸಿ ಕೇಳುವ ಪ್ರಶ್ನಾವಳಿಯೇ ಬೇಕು. ಚಿಕ್ಕ ಐಪ್ಯಾಕ್ ಕಾಲೇಜು ಹುಡುಗರಿಗೆ ಸಾಕು. ಕೂಲಿ ಕಾರ್ಮಿಕರಿಗೆ ಬೇಡ. ಯಾಕೆಂದರೆ ಅದರ ನಿಯಮದಲ್ಲಿ ಒಂದು ಬಗೆಯ ಚಟುವಟಿಕೆಗೆ ದಿನಕ್ಕೆ 180 ನಿಮಿಷಕ್ಕಿಂತ ಜಾಸ್ತಿ ಬಂದರೆ 180ಕ್ಕೇ ಇಳಿಸಬೇಕು. ಬಂದರಿನಲ್ಲಿ ದಿನಕ್ಕೆ 6 ಗಂಟೆ ಮೂಟೆ ಹೊರುವವರ ಅರ್ಧ ದುಡಿಮೆ ಲೆಕ್ಕದಲ್ಲೇ ಮಾಯ.

ಹಂತ 2: ತಿಂಗಳು ನೋಡಿ ದಿನ ಇಡಿ

ಕರಾವಳಿಯಲ್ಲಿ ‘ಮಾಮೂಲಿ ವಾರ’ ಎಂಬುದು ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ ಹೊತ್ತಿನಲ್ಲಿ ಮಲ್ಪೆಗೆ ಹೋದರೆ ಸಮುದ್ರದಲ್ಲಿ ಬಲೆ ಎಳೆಯುವ ಅದೇ ಜನ ದಡದಲ್ಲಿ ಕೂತು ಬಲೆ ಹೆಣೆಯುತ್ತಿರುತ್ತಾರೆ. ಯಕ್ಷಗಾನ ಮೇಳದ ಕಲಾವಿದರ ನವೆಂಬರ್‌ನಿಂದ ಮೇವರೆಗಿನ ವಾರವೇ ಬೇರೆ, ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲಿನ ವಾರವೇ ಬೇರೆ. ಅಡಿಕೆ ತೋಟದಲ್ಲಿ ಮದ್ದು ಬಿಡುವ ದಿನಗಳು, ಕೊಯ್ಲಿನ ದಿನಗಳು, ಏನೂ ಇಲ್ಲದ ದಿನಗಳು ಇವೆ. ನವರಾತ್ರಿಗೆ ಮುಂಚೆ ಹುಲಿವೇಷದ ಹುಡುಗರನ್ನು ಕೇಳಿದರೆ ಊರಿಗೆ ಊರೇ ಕ್ರೀಡಾಪಟುಗಳು ಅನಿಸೀತು.

ಕಳೆದ 7 ದಿನ ಎಂದು ಕೇಳಿದರೆ ಋತುವಿನ ಏರುಪೇರು ನೇರವಾಗಿ ಒಳಗೆ ಬರುತ್ತದೆ. ಮಾಮೂಲಿ ವಾರ ಎಂದು ಕೇಳಿದರೆ ಜನ ಯಾವ ತಿಂಗಳನ್ನು ನೆನೆದು ಹೇಳುತ್ತಾರೋ ಗೊತ್ತಾಗುವುದಿಲ್ಲ. ಸಾಧ್ಯವಾದರೆ ಮಳೆಗಾಲದಲ್ಲಿ ಒಂದು ಸುತ್ತು, ಬೇಸಿಗೆಯಲ್ಲಿ ಒಂದು ಸುತ್ತು ಕೇಳಿ. ಸಾಧ್ಯವಿಲ್ಲದಿದ್ದರೆ ‘ಈಗ ಕೆಲಸದ ಸೀಸನ್ನಾ, ಅಲ್ವಾ?’ ಎಂದು ಒಂದು ಹೆಚ್ಚುವರಿ ಪ್ರಶ್ನೆ ಇಡಿ. ಲೆಕ್ಕಕ್ಕೆ ಸೇರಿಸಬೇಡಿ, ವಿವರಣೆಗೆ ಬೇಕಾಗುತ್ತದೆ.

ಹಂತ 3: ಎಷ್ಟು ಜನ, ಯಾರು ತುಂಬುವುದು

ಜನರ ಸಂಖ್ಯೆಗೆ ನಮ್ಮ ಕಮ್ಯುನಿಟಿ ಮೆಡಿಸಿನ್ ವಿಭಾಗಗಳ ಮಾಮೂಲಿ ಸೂತ್ರವೇ ಸಾಕು: 4 ಗುಣಿಸು ಪಿ ಗುಣಿಸು ಕ್ಯೂ, ಭಾಗಿಸು ಡಿ ವರ್ಗ. ಪಿ ಅಂದರೆ ಚಟುವಟಿಕೆ ಸಾಲದವರು ಶೇಕಡಾ ಎಷ್ಟು ಎಂಬ ಅಂದಾಜು, ಕ್ಯೂ ಅಂದರೆ 100ರಲ್ಲಿ ಉಳಿದದ್ದು, ಡಿ ಅಂದರೆ ಅಂದಾಜು ಎಷ್ಟು ಅಂಕ ಆಚೀಚೆ ಆದರೂ ನಡೆಯುತ್ತದೆ ಎಂಬುದು. 2024ರಲ್ಲಿ ಬಂದ ಜಾಗತಿಕ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಚಟುವಟಿಕೆ ಸಾಲದು. ಪಿ 50, ಡಿ 5 ಇಟ್ಟರೆ 400 ಜನ. ವಾರ್ಡು, ಗ್ರಾಮ ಎಂದು ಗುಂಪಾಗಿ ಆರಿಸಿದರೆ ಅದನ್ನು ಇಮ್ಮಡಿ ಮಾಡುವುದು ರೂಢಿ.

ವಾಟ್ಸ್‌ಆ್ಯಪ್ ಗ್ರೂಪಿಗೆ ಲಿಂಕ್ ಹಾಕಿ 400 ಉತ್ತರ ಒಟ್ಟು ಮಾಡುವುದು ಎರಡು ದಿನದ ಕೆಲಸ. ಬರುವ ಉತ್ತರ ಓದಿದವರದ್ದು, ಹರೆಯದವರದ್ದು, ನಿಮ್ಮ ಗೆಳೆಯರದ್ದು. ಅಜ್ಜಿಯ ಹೆಸರಿನಲ್ಲಿ ಮೊಮ್ಮಗ ತುಂಬಿದ ಫಾರಂ ಕೂಡ ಅದರಲ್ಲಿರುತ್ತದೆ, ನಿಮಗೆ ಗೊತ್ತಾಗುವುದಿಲ್ಲ. ಊರಿನ ಲೆಕ್ಕ ಬೇಕಿದ್ದರೆ ಫೋನ್ ಸಂದರ್ಶಕರ ಕೈಯಲ್ಲಿರಲಿ, ಮಾತು ಮನೆಯವರದ್ದಾಗಲಿ.

ಹಂತ 4: ಭಾಷೆ

ಕನ್ನಡಕ್ಕೆ ತನ್ನಿ, ಇನ್ನೊಬ್ಬರಿಂದ ಹಿಂದಕ್ಕೆ ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ಹೋಲಿಸಿ. ಇದು ಎಲ್ಲರಿಗೂ ಗೊತ್ತು. ನಮ್ಮಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ. ಫಾರಂ ಕನ್ನಡದಲ್ಲಿದ್ದರೂ ಅಂಗಳದಲ್ಲಿ ಮಾತು ನಡೆಯುವುದು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ. ಆಗ ಪ್ರತಿ ಸಂದರ್ಶಕರೂ ಸ್ಥಳದಲ್ಲೇ ತಮಗೆ ತೋಚಿದಂತೆ ಅನುವಾದ ಮಾಡುತ್ತಾರೆ. ಮೂವರು ಹೋದರೆ ಮೂರು ಪ್ರಶ್ನಾವಳಿ. ಆದ್ದರಿಂದ ತುಳು, ಕೊಂಕಣಿ, ಬ್ಯಾರಿ ವಾಕ್ಯಗಳನ್ನೂ ಮೊದಲೇ ಕನ್ನಡ ಲಿಪಿಯಲ್ಲಿ ಬರೆದು ಫಾರಂಗೆ ಹಾಕಿ. ಭಾಷೆ ಆರಿಸಿದರೆ ಪ್ರಶ್ನೆ ಬದಲಾಗುವ ಸೌಲಭ್ಯ ಸರ್ವೆ ಫಾರಂ ಕಟ್ಟುವ ಆ್ಯಪ್‌ಗಳಾದ ಒಡಿಕೆ, ಕೋಬೋ ಟೂಲ್‌ಬಾಕ್ಸ್‌ಗಳಲ್ಲಿ ಇದೆ.

ಒಂದು ಸಣ್ಣ ಕಿರಿಕಿರಿ. ಟೈಪಿಂಗ್ ಅಂಗಡಿಯಿಂದ ಬರುವ ಅನುವಾದ ಎಷ್ಟೋ ಸಲ ಹಳೆಯ ನುಡಿ ಅಕ್ಷರದಲ್ಲಿರುತ್ತದೆ. ಅದನ್ನು ಫಾರಂಗೆ ಅಂಟಿಸಿದರೆ ಅರ್ಥವಿಲ್ಲದ ಗುರುತುಗಳ ಸಾಲು. ಯೂನಿಕೋಡ್‌ನಲ್ಲೇ ಕೊಡಿ ಎಂದು ಮೊದಲೇ ಹೇಳಿಬಿಡಿ.

ಹಂತ 5: ಬೆವರು ಬಿಟ್ಟು ಉಸಿರು ಕೇಳಿ

ಭಾರೀ ಶ್ರಮ ಯಾವುದು, ಮಧ್ಯಮ ಯಾವುದು ಎಂದು ವಿವರಿಸುವಾಗ ಸಂದರ್ಶಕರು ‘ಬೆವರು ಬರುವಂಥ ಕೆಲಸ’ ಎಂದುಬಿಡುತ್ತಾರೆ. ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ ಪೇಪರ್ ಓದಿದರೂ ಬೆವರು ಬರುತ್ತದೆ! ಜಿಪ್ಯಾಕ್ ಕೇಳುವುದು ಉಸಿರು ಮತ್ತು ಎದೆಬಡಿತದ ಬಗ್ಗೆ. ಕೆಲಸ ಮಾಡುತ್ತಾ ಮಾತಾಡಬಹುದು, ಆದರೆ ಹಾಡು ಹೇಳಲು ಆಗದು ಎಂದರೆ ಮಧ್ಯಮ. ನಾಲ್ಕು ಮಾತಿಗೊಮ್ಮೆ ನಿಲ್ಲಿಸಿ ಉಸಿರು ತೆಗೆದುಕೊಳ್ಳಬೇಕು ಎಂದರೆ ಭಾರೀ.

ಜೊತೆಗೆ ಚಿತ್ರದ ಕಾರ್ಡು ಮಾಡಿ. ಮೂಲ ಕಾರ್ಡಿನ ಚಿತ್ರಗಳನ್ನು ತೆಗೆದು ಇಲ್ಲಿಯದನ್ನು ಹಾಕಬಹುದು, ಹಾಕಬೇಕು. ಕೆಂಪು ಕಲ್ಲು ಹೊರುವುದು, ಮಣ್ಣು ಅಗೆಯುವುದು, ಬಂದರಿನ ಮೂಟೆ ಭಾರೀ ಪಟ್ಟಿಗೆ. ಬಾವಿಯಿಂದ ನೀರು ಸೇದುವುದು, ಹಟ್ಟಿ ತೊಳೆಯುವುದು, ಹುಲ್ಲು ಕೊಯ್ದು ತರುವುದು ಮಧ್ಯಮಕ್ಕೆ. ಬೀಡಿ ಕಟ್ಟುವುದು ಎಷ್ಟೇ ಆಯಾಸದ ದುಡಿಮೆ ಆದರೂ ಅದು ಕೂರುವ ಹೊತ್ತಿಗೆ ಸೇರಬೇಕು. ಬಲೆ ಹೆಣೆಯುವುದೂ ಹಾಗೆಯೇ. ಸ್ಕೂಟರ್ ಓಡಾಟಕ್ಕೆ ಲೆಕ್ಕವಿಲ್ಲ, ಗುಡ್ಡ ಇಳಿದು ಬಸ್‌ಸ್ಟಾಪಿಗೆ ನಡೆಯುವುದಕ್ಕೆ ಇದೆ.

ಹಂತ 6: ಫಾರಂ ಕಟ್ಟುವುದು

ಸಂಸ್ಥೆಯಲ್ಲಿ ರೆಡ್‌ಕ್ಯಾಪ್ (ಸಂಶೋಧನಾ ಸಂಸ್ಥೆಗಳು ಬಳಸುವ ಇಂಥದ್ದೇ ಸಾಫ್ಟ್‌ವೇರ್) ಇದ್ದರೆ ಅದು. ಇಲ್ಲದಿದ್ದರೆ ಒಡಿಕೆ ಅಥವಾ ಕೋಬೋ. ಇವೆಲ್ಲ ನೆಟ್‌ವರ್ಕ್ ಇಲ್ಲದೆಯೂ ಫೋನಿನಲ್ಲಿ ಉತ್ತರ ಉಳಿಸಿಕೊಳ್ಳುತ್ತವೆ. ಬೆಳ್ತಂಗಡಿ, ಬೈಂದೂರು ಕಡೆಯ ಘಟ್ಟದ ಬುಡದಲ್ಲಿ ಇದಿಲ್ಲದೆ ಆಗದು. ಗೂಗಲ್ ಫಾರಂ ಅಲ್ಲಿ ಕೈಕೊಡುತ್ತದೆ.

ಮೊದಲ ತಡೆ ಸಮಯದ್ದು. ಗಂಟೆ, ನಿಮಿಷಕ್ಕೆ ಬೇರೆ ಬೇರೆ ಡಬ್ಬಿ ಇಡಿ. ಒಂದೇ ಡಬ್ಬಿ ಇಟ್ಟರೆ 15 ನಿಮಿಷ ಎಂದವರು 15 ಗಂಟೆ ದುಡಿದವರಾಗುತ್ತಾರೆ. ನಿಮಿಷದ ಡಬ್ಬಿ 0ಯಿಂದ 59, ಗಂಟೆಯದ್ದು 16 ದಾಟಬಾರದು. ದಿನಗಳ ಡಬ್ಬಿ 1ರಿಂದ 7. ‘ಹೌದು, ಮಾಡ್ತೇನೆ’ ಎಂದ ಮೇಲೆ 0 ದಿನ ಎಂಬ ಉತ್ತರಕ್ಕೆ ಜಾಗ ಇರಬಾರದು. ‘ಇಲ್ಲ’ ಎಂದರೆ ಆ ಭಾಗದ ಮುಂದಿನ ಎರಡು ಪ್ರಶ್ನೆ ತಾನಾಗಿ ಮರೆಯಾಗಲಿ.

ಎರಡನೆಯದು ಓದಿ ಹೇಳುವ ಪರದೆ. ಪ್ರತಿ ಭಾಗದ ಕೊನೆಗೆ ಫೋನೇ ಒಂದು ವಾಕ್ಯ ಕಟ್ಟಿ ತೋರಿಸಬೇಕು: ‘ವಾರಕ್ಕೆ 6 ದಿನ, ದಿನಕ್ಕೆ 2 ಗಂಟೆ 30 ನಿಮಿಷ ಮಧ್ಯಮ ಕೆಲಸ ಮಾಡ್ತೀರಿ. ಸರಿಯಾ?’ ಸಂದರ್ಶಕರು ಅದನ್ನು ಗಟ್ಟಿಯಾಗಿ ಓದಬೇಕು. ‘ಅಯ್ಯೋ ದಿನಕ್ಕಲ್ಲ, ವಾರಕ್ಕೆ’ ಎಂಬ ತಿದ್ದುಪಡಿ ಬರುವುದು ಇಲ್ಲೇ. ಫಾರಂನಲ್ಲಿ ಒಂದೇ ಒಂದು ಹೆಚ್ಚುವರಿ ಕೆಲಸ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ.

ಮೂರನೆಯದು ಒಟ್ಟು ಲೆಕ್ಕ. ಕೆಲಸ, ಓಡಾಟ, ಆಟ, ಕೂರುವುದು ಎಲ್ಲ ಸೇರಿ ದಿನಕ್ಕೆ 18 ಗಂಟೆ ದಾಟಿದರೆ ಫೋನ್ ಎಚ್ಚರಿಸಲಿ. ಆದರೆ ತಡೆಯಬಾರದು. ಎಲ್ಲ ಚಟುವಟಿಕೆಯೂ ಒಂದೇ ದಿನ ಬರಬೇಕೆಂದಿಲ್ಲ. ಎಲ್ಲದಕ್ಕೂ ಕಟ್ಟುನಿಟ್ಟಿನ ಬೀಗ ಹಾಕಿದರೆ ಇನ್ನೊಂದು ಅಪಾಯ ಇದೆ. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತ ಸಂದರ್ಶಕರು ಬೀಗ ತೆರೆಯುವ ಯಾವುದೋ ಅಂಕಿ ಒತ್ತಿ ಮುಂದೆ ಹೋಗುತ್ತಾರೆ. ಆಗ ತಪ್ಪು ಉತ್ತರ ನೋಡಲು ಸರಿಯಾಗಿಯೇ ಕಾಣುತ್ತದೆ. ಅಸಾಧ್ಯವಾದದ್ದಕ್ಕೆ ಬೀಗ, ಅನುಮಾನದ್ದಕ್ಕೆ ಎಚ್ಚರಿಕೆ, ಪ್ರತಿ ಪ್ರಶ್ನೆಗೂ ‘ಗೊತ್ತಿಲ್ಲ’ ಎಂಬ ಗುಂಡಿ.

ಹತ್ತು ನಿಮಿಷದ ವಿಚಾರ ಒಂದಿದೆ. ಸತತ 10 ನಿಮಿಷವಾದರೂ ಮಾಡಿದ್ದನ್ನು ಮಾತ್ರ ಎಣಿಸಿ ಎಂದು ಜಿಪ್ಯಾಕ್ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಈ ಷರತ್ತನ್ನು ಕೈಬಿಟ್ಟಿದೆ. ಹಳೆಯ ಅಧ್ಯಯನಗಳ ಜೊತೆ ಹೋಲಿಸುವ ಉದ್ದೇಶ ಇದ್ದರೆ ಷರತ್ತು ಉಳಿಸಿಕೊಳ್ಳಿ. ಏನೇ ಮಾಡಿ, ಬರೆದಿಡಿ.

ಫಾರಂ ತೆರೆದ ಹೊತ್ತು, ಮುಗಿಸಿದ ಹೊತ್ತು ತಾನಾಗಿ ದಾಖಲಾಗಲಿ. 16 ಪ್ರಶ್ನೆ ಎರಡೇ ನಿಮಿಷದಲ್ಲಿ ಮುಗಿದಿದ್ದರೆ ಅದು ಮರದ ನೆರಳಿನಲ್ಲಿ ಕೂತು ತುಂಬಿದ ಫಾರಂ.

ಹಂತ 7: ಅನುಮತಿ ಮತ್ತು ಗುಟ್ಟು

ಎಥಿಕ್ಸ್ ಕಮಿಟಿಯ ಅನುಮತಿ ಮೊದಲು, ಸರ್ವೆ ಆಮೇಲೆ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಎರಡನ್ನೂ ಓದಿಕೊಳ್ಳಿ. ಒಪ್ಪಿಗೆಯನ್ನು ಫೋನಿನಲ್ಲೇ ಪಡೆದರೂ ಮಾಹಿತಿ ಪತ್ರದ ಒಂದು ಮುದ್ರಿತ ಪ್ರತಿ ಮನೆಯವರ ಕೈಗೆ ಕೊಡಿ. ಹೆಸರು, ಫೋನ್ ನಂಬರ್ ಒಂದು ಕಡೆ, ಉತ್ತರ ಇನ್ನೊಂದು ಕಡೆ, ನಡುವೆ ಕೋಡ್ ಇರಲಿ. ಫಾರಂನಲ್ಲಿ ಸೌಲಭ್ಯ ಇದೆ ಎಂದು ಮನೆಯ ಜಿಪಿಎಸ್ ತೆಗೆದುಕೊಳ್ಳಬೇಡಿ. ನಿಮಗೆ ಬೇಕಿರುವುದು ವಾರ್ಡಿನ ಹೆಸರಷ್ಟೇ ಅಲ್ವಾ?

ಹಂತ 8: ಕೇಳುವ ರೀತಿ ಕಲಿಸಿ

ಎಷ್ಟು ಒಳ್ಳೆಯ ಫಾರಂ ಇದ್ದರೂ ಮೊದಲ ಉತ್ತರಕ್ಕೇ ಬೆರಳು ಒತ್ತಿದರೆ ಕೆಲಸ ಕೆಟ್ಟಂತೆ. ಮೂಡುಬಿದಿರೆ ಕಡೆಯ ಒಂದು ಮನೆಯಲ್ಲಿ ಮಾತು ಹೀಗೆ ಸಾಗುತ್ತದೆ ಎಂದುಕೊಳ್ಳಿ.

“ವ್ಯಾಯಾಮ ಎಲ್ಲ ಎಂಥದ್ದೂ ಇಲ್ಲ ಮಾರಾಯ್ತಿ. ಮನೆಯಲ್ಲೇ ಇರುವುದು, ಬೀಡಿ ಕಟ್ಟುವುದು.”

“ಬೆಳಿಗ್ಗೆ ಎದ್ದ ಮೇಲೆ ಮೊದಲು ಎಂತ ಮಾಡ್ತೀರಿ ಅಕ್ಕ?”

“ದನ ಉಂಟಲ್ಲ. ಡೈರಿಗೆ ಹಾಲು ಕೊಟ್ಟು ಬರ್ಬೇಕು. ಮತ್ತೆ ಹುಲ್ಲಿಗೆ ಹೋಗ್ಲಿಕ್ಕುಂಟು.”

“ಹುಲ್ಲಿಗೆ ಹೋದರೆ ವಾಪಸ್ ಬರುವಾಗ ಎಷ್ಟು ಹೊತ್ತಾಗ್ತದೆ?”

“ಎಂಟೂವರೆಗೆ ಮಕ್ಕಳ ಬಸ್ಸು ಹೋದ ಮೇಲೆ ಹೊರಡುವುದು. ಹತ್ತು ಗಂಟೆಯ ಬಸ್ಸು ಬರುವಾಗ ಮನೆಯಲ್ಲಿರ್ತೇನೆ.”

“ದಿನಾ?”

“ದನಕ್ಕೆ ರಜೆ ಉಂಟಾ?”

ಮೊದಲ ಮಾತಿಗೆ ‘ಇಲ್ಲ’ ಒತ್ತಿದ್ದರೆ ಇವರ ಲೆಕ್ಕ 0. ಈಗ ನೋಡಿ. ಹುಲ್ಲಿನ ಕೆಲಸ 90 ನಿಮಿಷ, 7 ದಿನ, ಒಟ್ಟು 630 ನಿಮಿಷ. 4ರಿಂದ ಗುಣಿಸಿದರೆ 2520. ಡೈರಿಗೆ ಹೋಗಿ ಬರುವ ನಡಿಗೆ ದಿನಕ್ಕೆ 20 ನಿಮಿಷ ಎಂದಾದರೆ ಇನ್ನೂ 560. ಒಟ್ಟು 3080 ಮೆಟ್-ನಿಮಿಷ. ಮಧ್ಯಾಹ್ನದ ಮೇಲೆ ಬೀಡಿಗೆ ಕೂರುವ ಗಂಟೆಗಳು ಬೇರೆ ಕಾಲಂನಲ್ಲಿ. ಚಟುವಟಿಕೆಯೂ ಜಾಸ್ತಿ, ಕೂರುವುದೂ ಜಾಸ್ತಿ. ಎರಡೂ ನಿಜ, ಒಂದನ್ನು ಇನ್ನೊಂದರಲ್ಲಿ ಕಳೆಯಬಾರದು.

ಸಂದರ್ಶಕರು ಇಲ್ಲಿ ಗಮನಿಸಬೇಕಾದದ್ದು ಮೂರು. ‘ವ್ಯಾಯಾಮ’ದಿಂದ ಶುರು ಮಾಡದೆ ಬೆಳಗಿನಿಂದ ಶುರು ಮಾಡಿದ್ದು. ಸಂಬಳ ಇಲ್ಲದ ಮನೆಗೆಲಸವೂ ಜಿಪ್ಯಾಕ್‌ನಲ್ಲಿ ‘ಕೆಲಸ’ವೇ, ಅದನ್ನು ಎಣಿಸಿದ್ದು. ಮತ್ತು ಗಡಿಯಾರ ಕೇಳದೆ ಬಸ್ಸಿನ ಹೊತ್ತು ಹಿಡಿದದ್ದು. ನಮ್ಮಲ್ಲಿ ಬಸ್ಸು, ಶಾಲೆಯ ಬೆಲ್ಲು, ಬೀಡಿ ಬ್ರಾಂಚಿಗೆ ಹೋಗುವ ಹೊತ್ತು, ಇವು ಗಡಿಯಾರಕ್ಕಿಂತ ನಂಬಿಕಸ್ಥ. ಹೋಗುವ ಊರಿನ ಬಸ್ಸಿನ ಟೈಮಿಂಗ್ ಬರೆದುಕೊಂಡೇ ಹೋಗಿ.

ಹಾಲು ತೆಗೆದುಕೊಂಡು ನಡೆಯುವುದು ಕೆಲಸವೋ ಓಡಾಟವೋ? ಎರಡರಲ್ಲೂ ಬರೆದರೆ ಲೆಕ್ಕ ದುಪ್ಪಟ್ಟು. ಇಂಥ ಪ್ರಶ್ನೆ ಬಂದಾಗಲೆಲ್ಲ ತಂಡ ಕೂತು ಒಮ್ಮೆ ತೀರ್ಮಾನಿಸಿ ಕೈಪಿಡಿಗೆ ಸೇರಿಸಿ. ಆಮೇಲೆ ಎಲ್ಲರೂ ಹಾಗೆಯೇ.

ಪೂರ್ತಿ ಸರ್ವೆಗೆ ಮುಂಚೆ ಆಯ್ಕೆಯಾಗದ ಒಂದು ವಾರ್ಡಿನಲ್ಲಿ ಕೆಲವು ಮನೆಗಳಲ್ಲಿ ಪರೀಕ್ಷೆ ಮಾಡಿ. ಪ್ರತಿ ಉತ್ತರದ ನಂತರ ‘ಇದನ್ನು ಹೇಗೆ ಲೆಕ್ಕ ಹಾಕಿದಿರಿ?’ ಎಂದು ಕೇಳಿ. ಪ್ರಶ್ನೆಯಲ್ಲಿನ ಹುಳುಕು ಅಲ್ಲೇ ಹೊರಬೀಳುತ್ತದೆ. ಮಳೆಗಾಲವಾದರೆ ಫೋನಿಗೆ ಪ್ಲಾಸ್ಟಿಕ್ ಕವರ್, ಕೈ ಒರೆಸಲು ಒಣ ಬಟ್ಟೆ, ಪವರ್ ಬ್ಯಾಂಕ್. ಒದ್ದೆ ಬೆರಳಿಗೆ ಪರದೆ ಮಾತು ಕೇಳುವುದಿಲ್ಲ.

ಹಂತ 9: ದಿನದಿನವೂ ನೋಡಿ, ಕೊನೆಗೆ ಶುದ್ಧ ಮಾಡಿ

ಪ್ರತಿ ಸಂಜೆ ಬಂದ ಫಾರಂಗಳನ್ನು ತೆರೆದು ನೋಡಿ. ಒಬ್ಬ ಸಂದರ್ಶಕರಿಗೆ ಮಾತ್ರ ‘ಇಲ್ಲ’ಗಳೇ ಬರುತ್ತಿದ್ದರೆ ಅವರ ಊರಿನವರು ಸೋಮಾರಿಗಳಲ್ಲ. ‘ಇಲ್ಲ’ ಎಂದರೆ ಎರಡು ಪ್ರಶ್ನೆ ಕೇಳುವ ಕೆಲಸ ತಪ್ಪುತ್ತದೆ ಎಂದು ಆ ಸಂದರ್ಶಕರಿಗೆ ಗೊತ್ತಾಗಿದೆ.

ಜಿಪ್ಯಾಕ್‌ನ ನಿಯಮ ಕಟ್ಟುನಿಟ್ಟು: ಯಾವುದೇ ಒಂದು ಭಾಗದಲ್ಲಿ ದಿನಕ್ಕೆ 16 ಗಂಟೆ ದಾಟಿದ ಅಥವಾ ದಿನ-ಸಮಯ ತಾಳೆಯಾಗದ ಉತ್ತರ ಬಂದರೆ ಆ ವ್ಯಕ್ತಿಯನ್ನೇ ಲೆಕ್ಕದಿಂದ ಬಿಡಬೇಕು. ಹಂತ 6ರ ತಡೆಗಳು ಕೆಲಸ ಮಾಡಿದ್ದರೆ ಹೀಗೆ ಬಿಡಬೇಕಾದವರು ಬೆರಳೆಣಿಕೆಯಷ್ಟು.

ಮೆಟ್-ನಿಮಿಷಗಳಿಗೆ ಸರಾಸರಿ ಕೊಡಬೇಡಿ. ನಾಲ್ಕು ಜನ ಮೂಟೆ ಹೊರುವವರು ಸೇರಿದರೆ ಸಾಕು, ಸರಾಸರಿ ಎಲ್ಲೋ ಹಾರುತ್ತದೆ. ಮೀಡಿಯನ್ (ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವಿನ ಅಂಕಿ) ಮತ್ತು ಕ್ವಾರ್ಟೈಲ್ (ಕಾಲು, ಮುಕ್ಕಾಲು ಭಾಗದಲ್ಲಿ ಬರುವ ಅಂಕಿಗಳು) ಕೊಡಿ. ಕೆಲಸ, ಓಡಾಟ, ಬಿಡುವು ಬೇರೆ ಬೇರೆ ತೋರಿಸಿ.

ಹಂತ 10: ಯಂತ್ರದ ಜೊತೆ ತಾಳೆ

ದುಡ್ಡಿದ್ದರೆ ಒಂದು ಸಣ್ಣ ಗುಂಪಿಗೆ ಸೊಂಟಕ್ಕೆ ಕಟ್ಟುವ ಆಕ್ಸೆಲೆರೋಮೀಟರ್ (ಮೈಯ ಚಲನೆ ದಾಖಲಿಸುವ ಯಂತ್ರ) ಕೊಡಿ. 7 ದಿನ ಕಟ್ಟಿಸಿ, ದಿನಕ್ಕೆ 10 ಗಂಟೆಯಂತೆ ಕನಿಷ್ಠ 4 ದಿನ ಕಟ್ಟಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸಾಮಾನ್ಯ ರೂಢಿ. ತುಂಬಾ ಹೊಂದಿಕೆ ನಿರೀಕ್ಷಿಸಬೇಡಿ. 2003ರಲ್ಲಿ ಪ್ರಕಟವಾದ 12 ದೇಶಗಳ ಐಪ್ಯಾಕ್ ಪರೀಕ್ಷೆಯಲ್ಲಿ ಅದೇ ಪ್ರಶ್ನೆಯನ್ನು ಎರಡು ಸಲ ಕೇಳಿದಾಗ ಹೊಂದಿಕೆ 0.8ರ ಆಸುಪಾಸು, ಯಂತ್ರದ ಜೊತೆ ಹೊಂದಿಕೆ ಸುಮಾರು 0.3 (1 ಎಂದರೆ ಪೂರ್ತಿ ಹೊಂದಿಕೆ). ಹಾಗಂತ ಯಂತ್ರವೇ ಸತ್ಯ ಅಂತಲೂ ಅಲ್ಲ. ಸೊಂಟದ ಪಟ್ಟಿಗೆ ತಲೆಯ ಮೇಲಿನ ಮೀನಿನ ಬುಟ್ಟಿಯ ಭಾರ ಗೊತ್ತಾಗುವುದಿಲ್ಲ, ಸೈಕಲ್ ತುಳಿಯುವುದೂ ಸರಿಯಾಗಿ ಸಿಗುವುದಿಲ್ಲ. ನಮ್ಮ ಸೆಕೆಗೆ ಪಟ್ಟಿ ತುರಿಕೆ ತಂದರೆ ಜನ ಬಿಚ್ಚಿಡುತ್ತಾರೆ. ಫೋನಿನ ಹೆಜ್ಜೆ ಲೆಕ್ಕವನ್ನಂತೂ ನಂಬಬೇಡಿ. ಎಷ್ಟೋ ಮನೆಗಳಲ್ಲಿ ಹೆಂಗಸರ ಫೋನು ಇಡೀ ಬೆಳಿಗ್ಗೆ ಅಡುಗೆಮನೆಯ ಕಪಾಟಿನ ಮೇಲಿರುತ್ತದೆ.

ಹಂತ 11: ಬರೆಯುವಾಗ

ಯಾವ ಪ್ರಶ್ನಾವಳಿ, ಯಾವ ಆವೃತ್ತಿ, ಯಾವ ತಿಂಗಳು, ಎಷ್ಟು ಸಂದರ್ಶನ ಯಾವ ಭಾಷೆಯಲ್ಲಿ, 10 ನಿಮಿಷದ ಷರತ್ತು ಇತ್ತೋ ಇಲ್ಲವೋ, ಎಷ್ಟು ಜನರನ್ನು ಯಾಕೆ ಬಿಟ್ಟಿರಿ, ಇವು ವಿಧಾನದ ಭಾಗದಲ್ಲಿ ಇರಲೇಬೇಕು. ಫಾರಂನ ಎಕ್ಸೆಲ್ ಫೈಲು, ಚಿತ್ರದ ಕಾರ್ಡು, ತೀರ್ಮಾನಗಳ ಕೈಪಿಡಿ ಮೂರನ್ನೂ ದತ್ತಾಂಶದ ಜೊತೆ ವಿಭಾಗದಲ್ಲಿ ಬಿಟ್ಟು ಹೋಗಿ. ಮುಂದಿನ ಬ್ಯಾಚಿನವರು ಅದೇ ವಾರ್ಡಿಗೆ ಬೇರೆ ತಿಂಗಳಲ್ಲಿ ಹೋದರೆ ಹಾಲಿನ ನಡಿಗೆಯನ್ನು ನೀವು ಯಾವ ಕಾಲಂಗೆ ಹಾಕಿದ್ದಿರಿ ಎಂದು ನಿಮಗೆ ಫೋನ್ ಮಾಡಿ ಕೇಳುವಂತಾಗಬಾರದು.